ಹೆರಿಗೆ ವಾರ್ಡಿನಲ್ಲಿ ಟೈಪಿಂಗ್ ಮಿಸ್ಸು

ನಗೆಪಾಟಲಾಗುವುದಕ್ಕೆ ಕೆಲವರು ಸ್ವಲ್ಪವಾದರೂ ಕಷ್ಟಪಡಬೇಕಾಗುತ್ತದೆ. ನನಗೆ ಆ ತೊಂದರೆ ಇಲ್ಲ. ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದರೆ ಸಾಕು, ಸಂಜೆಯೊಳಗೆ ಏನಾದರೊಂದು ನಡೆದೇ ತೀರುತ್ತದೆ. ಅದರಲ್ಲೂ ಮೂವತ್ತೆಂಟನೇ ವಯಸ್ಸಿನಲ್ಲಿ ಟೈಪ್‌ರೈಟರ್ ಬಿಟ್ಟು, ಹೆರಿಗೆ ಮಾಡಿಸುವುದನ್ನು ಕಲಿಯಲು ಹೊರಟೆ ನೋಡಿ, ಅಲ್ಲಿಂದ ಮುಂದೆ ದೇವರು ನನ್ನ ಮೇಲೆ ವಿಶೇಷ ಗಮನ ಇಟ್ಟುಬಿಟ್ಟ.

ವಿಜಯನಗರದಲ್ಲಿ ಒಂದು ದರ್ಶಿನಿಯ ಮೇಲಿನ ಮಹಡಿಯಲ್ಲಿ ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಕೆಳಗೆ ದೋಸೆ ಹಂಚಿನ ಚುಂಯ್ ಚುಂಯ್, ಮೇಲೆ ನಮ್ಮ ಮೆಷಿನ್ನುಗಳ ಟಕಟಕ. ಎಸ್ಸೆಸ್ಸೆಲ್ಸಿ ಮುಗಿಸಿದವರು, ಪಿಯುಸಿ ಫೇಲಾದವರು, ಮದುವೆ ಗೊತ್ತಾಗುವವರೆಗೆ ಮನೆಯಲ್ಲಿ ಸುಮ್ಮನೆ ಯಾಕಿರಬೇಕು ಎನ್ನುವವರು, ಎಲ್ಲರೂ ನನ್ನ ಹತ್ತಿರ ಬಂದು ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟುತ್ತಿದ್ದರು. ಆಮೇಲೆ ಎರಡು ಸಾವಿರದ ಇಸವಿ ಬಂತು. ಅದರ ಹಿಂದೆಯೇ ಬೀದಿಗೊಂದು ಕಂಪ್ಯೂಟರ್ ಸೆಂಟರ್ ಬಂತು. ನನ್ನ ಮೆಷಿನ್ನುಗಳ ಮೇಲೆ ಧೂಳು ಕೂತಿತು. ಕೊನೆಗೊಂದು ದಿನ ಬಿನ್ನಿಪೇಟೆಯ ಗುಜರಿಯವನು ಬಂದು ಅವನ್ನೆಲ್ಲ ಟೆಂಪೋಗೆ ತುಂಬಿಕೊಂಡು ಹೋದ. ಖಾಲಿ ಮೇಜುಗಳ ನಡುವೆ ಕೂತು ಚೆನ್ನಾಗಿ ಅತ್ತೆ. ಅತ್ತು ಮುಗಿದ ಮೇಲೆ ಯೋಚಿಸಿದೆ: ಕಂಪ್ಯೂಟರ್ ಕಿತ್ತುಕೊಳ್ಳಲಾಗದ ಕೆಲಸ ಯಾವುದಾದರೂ ಇದೆಯೇ?

ಅದೇ ಸಮಯಕ್ಕೆ ನನ್ನ ತಂಗಿಯ ಹೆರಿಗೆಗೆ ಜೊತೆಗಿದ್ದೆ. ಒಬ್ಬ ಸಿಸ್ಟರು ತಮ್ಮ ಎರಡು ಕೈಗಳನ್ನೇ ನಂಬಿಕೊಂಡು ಆ ಮಗುವನ್ನು ಈ ಲೋಕಕ್ಕೆ ಬರಮಾಡಿಕೊಂಡಿದ್ದನ್ನು ನೋಡಿದೆ. ಇದೇ ಸರಿ ಎಂದುಕೊಂಡೆ. ಎಷ್ಟೇ ಕಂಪ್ಯೂಟರ್ ಬಂದರೂ ಜನ ಹೆರುವುದನ್ನಂತೂ ಬಿಡುವುದಿಲ್ಲ. ಪಾಸಾದರೆ ಕೈಯಲ್ಲಿ ಒಂದು ಕೆಲಸ. ಫೇಲಾದರೆ ವಾಪಸ್ ಹೋಗಿ ಕೂರೋಣವೆಂದರೆ ಮೆಷಿನ್ನೂ ಇಲ್ಲ, ಮಹಡಿಯೂ ಇಲ್ಲ. ಆ ಭಯ ಮಾತ್ರ ಹೊಟ್ಟೆಯಲ್ಲಿ ಗಟ್ಟಿಯಾಗಿ ಕೂತಿತ್ತು.

೧. ಡಬ್ಬಿ ತುಂಬಾ ಉಂಡೆ

ನಮ್ಮ ಮನೆ ಚಂದ್ರಾ ಲೇಔಟಿನಲ್ಲಿ. ಕೋರ್ಸಿಗೆ ಸೇರಿದ ವಿಷಯ ಬೀದಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಅರ್ಧಕ್ಕೆ ಬಿಟ್ಟು ಬಂದರೆ ಆಡಿಕೊಳ್ಳುವವರಿಗೆ ನಾನೇ ಎಲೆ ಹಾಕಿ ಬಡಿಸಿದಂತಾಗುತ್ತದಲ್ಲ. ಹಾಗಾಗಿ ಬೆಳಿಗ್ಗೆ ಸದ್ದಿಲ್ಲದೆ ಬಸ್ ಹತ್ತಿ, ರಾಜಾಜಿನಗರದ ಹೆರಿಗೆ ಆಸ್ಪತ್ರೆಯಲ್ಲಿ ಟ್ರೈನಿಂಗ್ ಮುಗಿಸಿ, ಸಂಜೆ ಸದ್ದಿಲ್ಲದೆ ಬರುತ್ತಿದ್ದೆ. ಮೊದಲ ವಾರ ಅಲ್ಲಿನ ಫಿನಾಯಿಲ್ ವಾಸನೆ ನನಗೆ ಒಗ್ಗಲಿಲ್ಲ. ಹೋಗುವಾಗ ಚೆನ್ನಾಗಿರುತ್ತಿದ್ದೆ, ಬರುವಾಗ ಮುಖ ಬಿಳಿಚಿಕೊಂಡು, ಸೆರಗು ಬಾಯಿಗಿಟ್ಟುಕೊಂಡು ಬರುತ್ತಿದ್ದೆ.

ಎದುರು ಮನೆ ಆಂಟಿ ತಮ್ಮ ಸೊಸೆಯನ್ನು ಚೆಕಪ್ಪಿಗೆ ಅದೇ ಆಸ್ಪತ್ರೆಗೆ ಕರೆತರುತ್ತಿದ್ದರಂತೆ. ನಾನು ಒಳಗೆ ಹೋಗುವುದನ್ನೂ ನೋಡಿದರು, ಬೀದಿಗೆ ಬಂದು ಓಕರಿಸುವುದನ್ನೂ ನೋಡಿದರು.

ಮಾರನೇ ದಿನದಿಂದ ನಮ್ಮ ಮನೆಗೆ ಪದಾರ್ಥಗಳು ಬರತೊಡಗಿದವು. ಒಂದು ದಿನ ಮಾವಿನಕಾಯಿ ಚಿತ್ರಾನ್ನ, ಒಂದು ದಿನ ಹೆಸರುಬೇಳೆ ಪಾಯಸ, ಇನ್ನೊಂದು ದಿನ ಸ್ಟೀಲಿನ ಡಬ್ಬಿ ತುಂಬಾ ತುಪ್ಪದ ಉಂಡೆ. ಇಂಥ ನೆರೆಹೊರೆ ಪಡೆಯಲು ಪುಣ್ಯ ಮಾಡಿರಬೇಕು ಎಂದುಕೊಂಡು ಎಲ್ಲವನ್ನೂ ಚಪ್ಪರಿಸಿ ತಿಂದೆ. ಪಿಯುಸಿ ಓದುತ್ತಿದ್ದ ಮಗಳು ಒಂದು ಸಂಜೆ ಟ್ಯೂಷನ್ನಿನಿಂದ ಅಳುತ್ತಾ ಬಂದಳು. "ಅಮ್ಮಾ, ನಿಜ ಹೇಳು. ನನ್ ಫ್ರೆಂಡ್ಸ್ ಎಲ್ಲಾ ಕೇಳ್ತಿದಾರೆ."

ವಿಚಾರಿಸಿದರೆ, ಈ ಬೆಂಕಿಗೆ ಎಣ್ಣೆ ಸುರಿದವರು ನಮ್ಮ ಯಜಮಾನರೇ. ಆಂಟಿ ಅವರನ್ನು ಗೇಟಿನ ಹತ್ತಿರ ನಿಲ್ಲಿಸಿ, "ಈ ವಯಸ್ಸಲ್ಲಿ ಕಷ್ಟ ಅಲ್ವಾಪ್ಪಾ?" ಎಂದು ಕೇಳಿದ್ದಾರೆ. ಇವರು ಟ್ರೈನಿಂಗ್ ವಿಷಯವೇ ಇರಬೇಕೆಂದುಕೊಂಡು, "ಕಷ್ಟಾನೇ ಆಂಟಿ. ಆದ್ರೆ ಅವಳಿಗೆ ತುಂಬಾ ಆಸೆ ಇತ್ತು. ಆಗ್ಲಿ ಬಿಡು ಅಂತ ನಾನೂ ಒಪ್ಕೊಂಡೆ" ಎಂದಿದ್ದಾರೆ.

ಅವತ್ತೇ ಎದುರು ಮನೆಗೆ ಹೋಗಿ ಇದ್ದದ್ದನ್ನೆಲ್ಲ ಬಿಡಿಸಿ ಹೇಳಿದೆ. ಆಂಟಿ ಬಾಯಿ ಮೇಲೆ ಕೈಯಿಟ್ಟುಕೊಂಡು, "ಅಯ್ಯೋ ರಾಮ, ನೀವು ಹೆರೋದಲ್ವಾ, ಹೆರಿಸೋದಾ?" ಎಂದು ನಕ್ಕರು. ನಾನೂ ನಕ್ಕೆ. ನಗು ಮುಗಿದ ಮೇಲೆ ಕೈ ಚಾಚಿದರು.

"ಹಾಗಾದ್ರೆ ಆ ಡಬ್ಬಿ ಕೊಟ್ಬಿಡಿ. ಎಷ್ಟು ಉಂಡೆ ಉಳಿದಿದೆ?"

೨. ಗೇಟಿನ ಒಳಗೆ, ಗೇಟಿನ ಹೊರಗೆ

ಇದಕ್ಕೂ ಮೊದಲಿನ ಕತೆ ಒಂದಿದೆ. ಆಸ್ಪತ್ರೆಯ ಆವರಣದಲ್ಲೇ ಇದ್ದ ನರ್ಸಿಂಗ್ ಸ್ಕೂಲಿನ ಮೊದಲ ದಿನ ನಾನು ಕ್ಲಾಸಿಗೆ ಕಾಲಿಟ್ಟಾಗ, ಒಳಗಿದ್ದ ಹದಿನೆಂಟು ಹತ್ತೊಂಬತ್ತರ ಹುಡುಗಿಯರೆಲ್ಲ ಧಡಕ್ಕನೆ ಎದ್ದು ನಿಂತು "ಗುಡ್ ಮಾರ್ನಿಂಗ್ ಮೇಡಂ" ಎಂದರು. ಹಳೇ ಚಾಳಿ ಎಲ್ಲಿ ಹೋಗುತ್ತದೆ? "ಸಿಟ್ ಡೌನ್" ಎಂದುಬಿಟ್ಟೆ. ಕೂತರು. ನಾನೂ ಮೆಲ್ಲಗೆ ಹೋಗಿ ಕೊನೇ ಬೆಂಚಿನಲ್ಲಿ ಕೂತೆ. ಪಕ್ಕದ ಹುಡುಗಿ ಭಯದಿಂದ ಅರ್ಧ ಬೆಂಚು ಸರಿದು ಕೂತಳು.

ಅಷ್ಟರಲ್ಲಿ ನಿಜವಾದ ಟ್ಯೂಟರ್ ಬಂದರು. ನೋಡುತ್ತೇನೆ, ನಮ್ಮ ಬಸವೇಶ್ವರನಗರದ ಹುಡುಗಿ! ಕೆಲವು ವರ್ಷಗಳ ಹಿಂದೆ ನನ್ನ ಹತ್ತಿರವೇ ಟೈಪಿಂಗ್ ಕಲಿತವಳು. ಮೆಷಿನ್ನಿನ ಮುಂದೆ ಯಾವಾಗಲೂ ಗೂನು ಬೆನ್ನು ಮಾಡಿಕೊಂಡು ಕೂರುತ್ತಿದ್ದಳು, ನಾನು ಸ್ಕೇಲಿನಲ್ಲಿ ಬೆನ್ನು ತಟ್ಟಿ ನೆಟ್ಟಗೆ ಮಾಡುತ್ತಿದ್ದೆ. ಈಗ ನನ್ನನ್ನು ಕಂಡ ಕೂಡಲೇ ಅವಳ ಬೆನ್ನು ತಾನಾಗಿಯೇ ನೆಟ್ಟಗಾಯಿತು.

"ಮಿಸ್! ನೀವಿಲ್ಲಿ? ಯಾರನ್ನ ನೋಡ್ಬೇಕಿತ್ತು?"

"ನಿನ್ನನ್ನೇ ಕಣೇ. ಪಾಠ ಹೇಳಿಸ್ಕೊಳ್ಳೋಕೆ ಬಂದಿದೀನಿ."

ಕ್ಲಾಸು ಮುಗಿದ ಮೇಲೆ ನನ್ನನ್ನು ಮೂಲೆಗೆ ಕರೆದುಕೊಂಡು ಹೋಗಿ ಒಂದು ಒಪ್ಪಂದ ಮಾಡಿಕೊಂಡಳು. "ನೋಡಿ ಮಿಸ್. ಗೇಟಿನ ಹೊರಗೆ ನೀವು ಮಿಸ್ಸು. ಗೇಟಿನ ಒಳಗೆ ನಾನು ಸಿಸ್ಟರು. ಒಳಗೆ ನನ್ನನ್ನ ಕಣೇ ಅನ್ನಂಗಿಲ್ಲ."

"ಆಯ್ತು ಕಣೇ" ಎಂದೆ.

ಗೇಟಿನ ಒಳಗಿನ ಸಿಸ್ಟರು ಮಹಾ ಕಟ್ಟುನಿಟ್ಟು. ಹಾಸಿಗೆಯ ಬೆಡ್‌ಶೀಟ್ ಮೂಲೆಯನ್ನು ಲಕೋಟೆಯ ಹಾಗೆ ಮಡಿಸಿ ಸಿಕ್ಕಿಸಬೇಕು. ನಾನು ಮಡಿಸುತ್ತಿದ್ದೆ, ಅವಳು ಎಳೆದು ಬಿಚ್ಚುತ್ತಿದ್ದಳು. "ಮೂಲೆ ಸರಿ ಇಲ್ಲ. ಇನ್ನೊಂದ್ಸಲ." ಬೇರೆ ಹುಡುಗಿಯರಿಗೆ ಒಂದು ಸಲ ಆದರೆ ನನಗೆ ನಾಲ್ಕು ಸಲ. ಮಾರ್ಜಿನ್ ಸರಿ ಇಲ್ಲವೆಂದು ನಾನು ಅವಳ ಹಾಳೆಗಳನ್ನು ಮೆಷಿನ್ನಿನಿಂದ ಸರ್ರನೆ ಎಳೆಯುತ್ತಿದ್ದುದೂ ಇದೇ ಥರ. ಬಡ್ಡಿ ಸಮೇತ ತೀರಿಸುತ್ತಿದ್ದಾಳೆ ಎಂದು ಹಲ್ಲು ಕಚ್ಚಿಕೊಂಡೆ.

ಆದರೆ ಅವಳ ನಿಜವಾದ ತಕರಾರು ನನ್ನ ಗಂಟಲಿನ ಬಗ್ಗೆ. ಮೂವತ್ತು ಮೆಷಿನ್ನುಗಳ ಸದ್ದಿನ ಮೇಲೆ ಪಾಠ ಹೇಳಿದ ಗಂಟಲು ಇದು. ವಾರ್ಡಿನಲ್ಲಿ "ಕಾಲು ಮಡಚಮ್ಮಾ" ಎಂದರೆ ಆರು ಮಂಚಗಳ ಹೆಂಗಸರೂ ಕಾಲು ಮಡಚುತ್ತಿದ್ದರು. ಅವಳು ತಲೆ ಚಚ್ಚಿಕೊಂಡು ಹೇಳಿದಳು, "ನಿಮ್ಮ ಕೈ ಚೆನ್ನಾಗಿದೆ, ಬಾಯಿ ಮಾತ್ರ ಕಷ್ಟ. ಫೈನಲ್ ಪ್ರಾಕ್ಟಿಕಲ್‌ಗೆ ಹೊರಗಿಂದ ಎಕ್ಸಾಮಿನರ್ ಬರ್ತಾರೆ. ತಾಯಿ ಹತ್ರ ಮೃದುವಾಗಿ ಮಾತಾಡಿದ್ರಾ ಇಲ್ವಾ ಅಂತಾನೇ ಮೊದಲು ನೋಡೋದು. ಅಲ್ಲಿ ಗದರಿದ್ರೆ ಫೇಲು. ನಾನೇನೂ ಮಾಡಕ್ಕಾಗಲ್ಲ."

ಅವತ್ತು ಸಂಜೆ ಸೋತು ಸುಣ್ಣವಾಗಿ ಗೇಟು ದಾಟಿದೆ. ಹಿಂದಿನಿಂದ ಓಡಿ ಬಂದವಳೇ ನನ್ನ ಕೈಯಿಂದ ಚೀಲ ತೆಗೆದುಕೊಂಡಳು. "ಕೊಡಿ ಮಿಸ್, ನಾನ್ ಹಿಡ್ಕೋತೀನಿ. ಬೆಡ್‌ಶೀಟ್ ಎಳೆದೂ ಎಳೆದೂ ಕೈ ನೋಯ್ತಿರ್ಬೇಕಲ್ಲಾ."

"ನೋಯ್ತಿದೆ. ಯಾರಿಂದ ಅಂತ ಗೊತ್ತಲ್ಲ?"

ಅವಳು ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು. "ಗೊತ್ತು ಮಿಸ್. ಒಳಗಿರೋ ಆ ಸಿಸ್ಟರು ಸರಿ ಇಲ್ಲ."

೩. ಎಂಟನೇ ತಿಂಗಳು

ಬಸುರಿಯ ಹೊಟ್ಟೆಯ ಮೇಲೆ ಕೈಯಿಟ್ಟು ಮಗುವಿನ ತಲೆ ಎಲ್ಲಿದೆ, ಬೆನ್ನು ಯಾವ ಕಡೆ ಎಂದು ಬೆರಳಿನಲ್ಲೇ ಓದಬೇಕು. ಕೀ ನೋಡದೆ ಟೈಪ್ ಮಾಡಿದ ಬೆರಳುಗಳಿಗೆ ಇದು ಇಷ್ಟವಾದ ಪಾಠ. ಆದರೆ ಅಭ್ಯಾಸಕ್ಕೆ ಮನೆಯಲ್ಲಿ ಬಸುರಿಯನ್ನು ಎಲ್ಲಿಂದ ತರುವುದು? ಭಾನುವಾರ ಊಟ ಮುಗಿಸಿ ದಿವಾನದ ಮೇಲೆ ಅಂಗಾತ ಮಲಗಿದ್ದ ಯಜಮಾನರ ಕಡೆ ಕಣ್ಣು ಹೋಯಿತು. ಹೋಟೆಲ್ ಊಟ ಮತ್ತು ಕುರ್ಚಿ ಕೆಲಸ ಸೇರಿ ಬೆಳೆಸಿದ ಹೊಟ್ಟೆ. ದುಂಡಗೆ, ಹದವಾಗಿ, ಪುಸ್ತಕದ ಚಿತ್ರದಲ್ಲಿದ್ದ ಹಾಗೇ ಇತ್ತು.

"ಅಲ್ಲಾಡ್ಬೇಡಿ" ಎಂದು ಬನಿಯನ್ ಮೇಲೆತ್ತಿದೆ.

"ಏನೇ ಇದು, ಕಚಗುಳಿ ಆಗುತ್ತೆ."

"ಉಸಿರು ನಿಧಾನಕ್ಕೆ ಬಿಡಿ. ಕಾಲು ಸ್ವಲ್ಪ ಮಡಚಿ."

ಪಾಪ, ಮಡಚಿದರು. ನಾನು ಎರಡೂ ಅಂಗೈಗಳಿಂದ ಮೇಲಿನಿಂದ ಕೆಳಗೆ ಒತ್ತುತ್ತಾ ಬಂದೆ. ಟೇಪು ಹಿಡಿದು ಅಳೆದೆ. ಲೆಕ್ಕಕ್ಕೆ ಎಂಟು ತಿಂಗಳು ಸರಿಯಾಗಿ ಬಂತು. ಅವರಿಗೂ ಕುತೂಹಲ ಹತ್ತಿತು. "ಏನಂತೆ?"

"ತಲೆ ಕೆಳಗಡೆ ತಿರುಗಿದೆ. ಹೆದರ್ಕೋಬೇಡಿ, ನಾರ್ಮಲ್ ಆಗುತ್ತೆ. ಉಪ್ಪು ಕಮ್ಮಿ ಮಾಡಿ."

ಆ ಹೊತ್ತಿಗೆ ಸರಿಯಾಗಿ ನಮ್ಮತ್ತೆ ಹೂವಿನ ಬುಟ್ಟಿ ಹಿಡಿದುಕೊಂಡು ಒಳಗೆ ಬಂದರು. ಮಗ ಕಾಲು ಮಡಚಿಕೊಂಡು ಮಲಗಿದ್ದಾನೆ, ಸೊಸೆ ಅವನ ಹೊಟ್ಟೆಗೆ ಕಿವಿ ಹಚ್ಚಿ ಕೂತಿದ್ದಾಳೆ. ನಾನು ನಾಚಿಕೆಯಿಂದ ಎದ್ದು ನಿಂತೆ. ನಮ್ಮತ್ತೆ ಒಂದು ಕ್ಷಣ ಆ ಹೊಟ್ಟೆಯನ್ನೇ ನೋಡಿ ನಿಟ್ಟುಸಿರು ಬಿಟ್ಟರು.

"ಅವರಪ್ಪಂಗೂ ಹಿಂಗೇ ಇತ್ತು ಕಣಮ್ಮಾ. ಕೊನೇವರ್ಗೂ ಹೆರಿಗೆ ಆಗ್ಲೇ ಇಲ್ಲ."

೪. ತಾತನ ಗಡಿಯಾರ

ಕೆಂಗೇರಿ ಕಡೆಯ ಒಬ್ಬ ನಿವೃತ್ತ ಅಧಿಕಾರಿ. ಹಣೆಯ ತುಂಬ ವಿಭೂತಿ, ಕೈಯಲ್ಲಿ ಪಂಚಾಂಗ. ಸೊಸೆ ಒಳಗೆ ನೋವು ತಿನ್ನುತ್ತಿದ್ದರೆ ಇವರು ಹೊರಗೆ ಬಾಗಿಲು ಬಡಿಯುತ್ತಿದ್ದರು. ನಾನು ತಲೆ ಹೊರಗೆ ಹಾಕಿದೆ.

"ಸಿಸ್ಟರ್, ರಾಹುಕಾಲ ನಡೀತಿದೆ. ಇನ್ನು ಸ್ವಲ್ಪ ಹೊತ್ತು ತಡೀರಿ."

"ಯಾರಿಗೆ ಹೇಳ್ಲಿ ಸಾರ್?"

"ಮಗೂಗೆ... ಅಂದ್ರೆ, ನೀವೇ ಏನಾದ್ರೂ ಅಡ್ಜಸ್ಟ್ ಮಾಡಿ."

ಹಿಂದೆ ನಮ್ಮ ಟ್ಯೂಟರ್ ಸಿಸ್ಟರು ಕೇಳಿಸಿಕೊಳ್ಳುತ್ತಿದ್ದಳು, ಹಾಗಾಗಿ ಬಾಯಿಗೆ ಬಂದದ್ದನ್ನು ನುಂಗಿಕೊಂಡು ಬೆಣ್ಣೆಯಂಥ ದನಿಯಲ್ಲಿ ಹೇಳಿದೆ, "ನೋಡ್ತೀನಿ ಸಾರ್. ಒಳಗೆ ಹೇಳಿ ಕಳಿಸ್ತೀನಿ."

ಒಳಗಿದ್ದವನು ತಾತನ ಮಾತು ಕೇಳುವ ಜಾಯಮಾನದವನಲ್ಲ. ನಾನು ಬಾಗಿಲು ಹಾಕಿ ತಿರುಗುವಷ್ಟರಲ್ಲಿ ಹೊರಟೇಬಿಟ್ಟಿದ್ದ. ಕೆಂಪು ಟೊಮೇಟೊ ಥರ ಮುಖ ಮಾಡಿಕೊಂಡು, ಇಡೀ ರಸ್ತೆಗೆ ಕೇಳುವ ಹಾಗೆ ಕಿರುಚಿದ. ತಾತನ ಮುಖ ಮಾತ್ರ ಇಳಿದುಹೋಯಿತು.

ಆದರೆ ಅವರು ಸೋಲು ಒಪ್ಪುವ ಆಸಾಮಿಯಲ್ಲ. ಹೆರಿಗೆ ಕೋಣೆಯ ಬಾಗಿಲ ಮೇಲಿನ ಗಡಿಯಾರ ನೋಡಿದರು, ರಾಹುಕಾಲ. ತಮ್ಮ ವಾಚು ನೋಡಿದರು, ರಾಹುಕಾಲ. ಡಾಕ್ಟರ ಕೋಣೆಯ ಗಡಿಯಾರ, ಔಷಧಿ ಅಂಗಡಿಯ ಗಡಿಯಾರ, ಎದುರಿನ ಬೇಕರಿಯ ಗಡಿಯಾರ, ಎಲ್ಲದರಲ್ಲೂ ರಾಹು ಗಟ್ಟಿಯಾಗಿ ಕೂತಿದ್ದ. ಕೊನೆಗೆ ಗೇಟಿನ ಕಾವಲುಗಾರನನ್ನು ಹೆಗಲ ಮೇಲೆ ಕೈ ಹಾಕಿಕೊಂಡು ಕರೆತಂದರು. ಅವನ ವಾಚಿನಲ್ಲಿ ರಾಹುಕಾಲ ಮುಗಿದು ಬಹಳ ಹೊತ್ತಾಗಿತ್ತು.

"ಸಿಸ್ಟರ್, ಇದು ಕರೆಕ್ಟ್ ಟೈಮು. ಇದನ್ನೇ ಬರ್ಕೊಳ್ಳಿ" ಎಂದರು.

ಕಾವಲುಗಾರ ತಲೆ ಕೆರೆದುಕೊಂಡ. "ಸಾರ್, ನನ್ ವಾಚು ನಿಂತು ಒಂದು ವಾರ ಆಯ್ತು."

"ನಿಂತಿರೋ ವಾಚು ಸುಳ್ಳು ಹೇಳಲ್ಲ ಕಣಯ್ಯಾ" ಎಂದು ತಾತ ಅವನಿಗೆ ಮೊದಲ ಪೇಡ ತಿನ್ನಿಸಿದರು.

೫. ರಿಸಲ್ಟು

ವಿಜಯನಗರದ ಸುತ್ತಮುತ್ತ ಆ ವಯಸ್ಸಿನವರಲ್ಲಿ ಅರ್ಧಕ್ಕರ್ಧ ಜನ ನನ್ನ ಹತ್ತಿರ ಬೈಸಿಕೊಂಡವರೇ. ಒಂದು ಮಧ್ಯಾಹ್ನ ಹೆರಿಗೆ ಕೋಣೆಯ ಹೊರಗೆ ಒಬ್ಬ ಅತ್ತಿಂದಿತ್ತ ಓಡಾಡುತ್ತಿದ್ದ. ಜೂನಿಯರ್ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಡುಮ್ಕಿ ಹೊಡೆದವನು. ಪ್ರತಿ ಸಲ ರಿಸಲ್ಟ್ ದಿನ ನನ್ನ ಮೇಜಿನ ಮುಂದೆ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದ. ಅವನು ನನ್ನನ್ನು ಗಮನಿಸಿರಲಿಲ್ಲ.

ಅವನ ಹೆಂಡತಿಗೆ ಸುಸೂತ್ರವಾಗಿ ಹೆಣ್ಣು ಮಗುವಾಯಿತು. ಬಟ್ಟೆಯಲ್ಲಿ ಸುತ್ತಿಕೊಂಡು ನಾನೇ ಹೊರಗೆ ಬಂದೆ. ನನ್ನ ಮುಖ ಕಂಡದ್ದೇ ತಡ, ಅವನ ಕೈಗಳು ಬೆನ್ನ ಹಿಂದೆ ಹೋದವು. ತಲೆ ತಗ್ಗಿತು.

"ಮಿಸ್... ಪಾಸಾ?"

"ಫಸ್ಟ್ ಕ್ಲಾಸು. ನಿನ್ ಥರ ಅಲ್ಲ, ಮೊದಲನೇ ಅಟೆಂಪ್ಟು" ಎಂದು ಮಗುವನ್ನು ಅವನ ಕೈಗಿಟ್ಟೆ.

೬. ಬೆಣ್ಣೆ ಮಾತು

ಕಡೆಗೂ ನನ್ನದೇ ಪರೀಕ್ಷೆಯ ದಿನ ಬಂತು. ಹಿಂದಿನ ವಾರವೆಲ್ಲ ಮನೆಯಲ್ಲಿ ಮೃದುವಾಗಿ ಮಾತಾಡುವ ಅಭ್ಯಾಸ ಮಾಡಿದ್ದೆ. "ಊಟ ಮಾಡ್ತೀರಾ ಪುಟ್ಟಾ?" ಎಂದು ಕೇಳಿದರೆ ಯಜಮಾನರು ಹೆದರಿಕೊಂಡು ಬ್ಯಾಂಕಿನ ಪಾಸ್‌ಬುಕ್ ತೆಗೆದು ನೋಡುತ್ತಿದ್ದರು.

ಎಕ್ಸಾಮಿನರ್ ವಯಸ್ಸಾದ ಮೇಡಂ. ದಪ್ಪ ಕನ್ನಡಕ, ನಗು ಎಂಬುದು ಮುಖದ ಹತ್ತಿರ ಸುಳಿದದ್ದಿಲ್ಲ. ಕಾಗದ ಪೆನ್ನು ಹಿಡಿದು ಹೆರಿಗೆ ಕೋಣೆಯ ಮೂಲೆಯಲ್ಲಿ ಕೂತರು. ನಮ್ಮ ಸಿಸ್ಟರು ಅವರ ಪಕ್ಕದಲ್ಲಿ ನಿಂತು, ಬಾಯಿಯ ಮೇಲೆ ಬೆರಳಿಟ್ಟು ನನಗೆ ಸನ್ನೆ ಮಾಡಿದಳು. ಅವಳಿಗೂ ಇದು ಪರೀಕ್ಷೆಯೇ ಆಗಿತ್ತು ಎಂದು ಆ ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು.

ನನಗೆ ಕೊಟ್ಟ ತಾಯಿ ಲಗ್ಗೆರೆಯಿಂದ ಬಂದವಳು. ಊರು ವಿಜಾಪುರದ ಕಡೆ. ಗಂಡ ಫ್ಯಾಕ್ಟರಿ ಕೆಲಸಗಾರ. ಚೊಚ್ಚಲ ಹೆರಿಗೆ, ಜೊತೆಗೆ ತವರಿನವರು ಯಾರೂ ಇಲ್ಲ. ನೋವು ಜೋರಾಗಿತ್ತು, ಎಲ್ಲ ಸರಿಯಾಗೇ ಇತ್ತು, ಅವಳು ಹೊಟ್ಟೆಗೆ ಬಲ ಹಾಕಿ ಮುಕ್ಕಿದರೆ ಮಗು ಬರುವುದಷ್ಟೇ ಬಾಕಿ. ನಾನು ಅವಳ ಹಣೆ ನೇವರಿಸಿ, ಜೇನು ಸುರಿಯುವ ದನಿಯಲ್ಲಿ ಶುರು ಮಾಡಿದೆ.

"ಚಿನ್ನಾ, ನೀವು ತುಂಬಾ ಧೈರ್ಯವಂತರು. ಸ್ವಲ್ಪ ಪ್ರಯತ್ನ ಮಾಡ್ತೀರಾ ಬಂಗಾರಾ?"

ಅವಳು ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಮುಕ್ಕುವುದನ್ನು ನಿಲ್ಲಿಸಿಬಿಟ್ಟಳು.

"ಯಾಕ್ರೀ ಅಕ್ಕಾರ, ಹಿಂಗ್ಯಾಕ ಮಾತಾಡಾಕತ್ತೀರಿ? ನನಗೇನಾಗೈತ್ರೀ?"

"ಏನೂ ಆಗಿಲ್ಲ ಕಂದಾ, ಎಲ್ಲಾ ಚೆನ್ನಾಗಿದೆ."

"ಸುಳ್ಳ ಹೇಳಬ್ಯಾಡ್ರಿ! ಕೂಸಿಗೇನರ ಆತೇನು? ಖರೇ ಹೇಳ್ರಿ!"

ನಾನು ಮೃದುವಾದಷ್ಟೂ ಅವಳಿಗೆ ಭಯ ಹೆಚ್ಚಾಯಿತು. ಇಷ್ಟು ಅಕ್ಕರೆಯ ಮಾತು ಕೇಳಿದಾಗಲೆಲ್ಲ ಮುಂದೆ ಕೆಟ್ಟ ಸುದ್ದಿ ಬಂದಿತ್ತೋ ಏನೋ. ನೋವು ಬಂದು ಬಂದು ಸುಮ್ಮನೆ ಹೋಗುತ್ತಿತ್ತು, ಅವಳು ಬಿಗಿಹಿಡಿದುಕೊಂಡು ಅಳುತ್ತಿದ್ದಳು. ನಾನು ಮಗುವಿನ ಎದೆಬಡಿತ ಕೇಳಿದೆ. ಚೆನ್ನಾಗಿತ್ತು. ಆದರೆ ಹೀಗೇ ಬಿಟ್ಟರೆ ಚೆನ್ನಾಗಿಯೇ ಇರುತ್ತದೆಂದು ಯಾರು ಹೇಳಬಲ್ಲರು? ಮೂಲೆಯಲ್ಲಿ ಎಕ್ಸಾಮಿನರ್ ಏನೋ ಬರೆಯುತ್ತಿದ್ದರು. ಸಿಸ್ಟರು ತಲೆಯಾಡಿಸುತ್ತಿದ್ದಳು: ಬೇಡ ಮಿಸ್, ಬೇಡ.

ಪರೀಕ್ಷೆ ಹಾಳಾಗಿ ಹೋಗಲಿ ಎನಿಸಿತು. ಹೊಟ್ಟೆಯಲ್ಲಿದ್ದ ಭಯವೆಲ್ಲ ಒಂದೇ ಸಲ ಹೊರಟು ಹೋಯಿತು. ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಏಯ್ ಹುಡುಗಿ!" ಎಂದೆ. ಮೂವತ್ತು ಮೆಷಿನ್ನಿನ ಗಂಟಲು. ಟ್ರೇಯಲ್ಲಿದ್ದ ಕತ್ತರಿ ಅಲುಗಾಡಿತು. "ಸಾಕು ನಿನ್ನ ಅಳು! ಮಗು ಗಟ್ಟಿಮುಟ್ಟಾಗಿ ಬಾಗಿಲಲ್ಲಿ ನಿಂತಿದೆ, ನೀನು ಚಿಲಕ ಹಾಕ್ಕೊಂಡು ಕೂತಿದೀಯಾ? ನಾನಿಲ್ಲಿ ಇದೀನಲ್ಲ, ಎಲ್ಲಿಗೂ ಹೋಗಲ್ಲ. ಗಲ್ಲ ಎದೆಗೆ ಹಚ್ಚು! ಬಾಯಿ ಮುಚ್ಚು! ಮುಕ್ಕು! ನಾನು ಸಾಕು ಅನ್ನೋವರೆಗೆ ನಿಲ್ಲಿಸಿದ್ರೆ ನೋಡು ಮತ್ತೆ!"

ಸಿಸ್ಟರು ಕಣ್ಣು ಮುಚ್ಚಿಕೊಂಡಳು. ಆ ಹುಡುಗಿ ಮಾತ್ರ ನನ್ನನ್ನೇ ನೋಡಿದಳು, ಅವಳ ಹುಬ್ಬಿನ ಗಂಟು ಸಡಿಲಾಯಿತು.

"ಹಾಂ, ಹಂಗ ಬೈರಿ" ಎಂದಳು. "ನಮ್ಮವ್ವನೂ ಹಿಂಗ ಬೈತಾಳ. ಅಂದ್ರ ಏನೂ ಆಗಿಲ್ಲ ಬಿಡ್ರಿ."

ಆಮೇಲೆ ಅವಳು ಮುಕ್ಕಿದ್ದೇ ಮುಕ್ಕಿದ್ದು. ನಾನು ಬೈದದ್ದೇ ಬೈದದ್ದು. ಸುಸ್ತಾಗಿ ನಾನು ಒಂದು ಕ್ಷಣ ಉಸಿರು ತೆಗೆದುಕೊಂಡರೆ "ಬೈರಲ್ರೀ ಅಕ್ಕಾರ!" ಎಂದು ಅವಳೇ ಕೂಗುತ್ತಿದ್ದಳು. ಸ್ವಲ್ಪ ಹೊತ್ತಿಗೆಲ್ಲ ಒಂದು ದುಂಡನೆಯ ಗಂಡು ಮಗು ನನ್ನ ಕೈಗೆ ಜಾರಿ ಬಂತು. ನಮ್ಮಿಬ್ಬರಿಗಿಂತ ಜೋರಾಗಿ ಕಿರುಚಿತು. ಅದನ್ನು ಅವಳ ಎದೆಯ ಮೇಲೆ ಮಲಗಿಸಿದಾಗ ಅವಳು ನಗುತ್ತಿದ್ದಳು, ನಾನು ಅಳುತ್ತಿದ್ದೆ. ಅಷ್ಟು ಸಂತೋಷ ನನಗೆ ಜೀವನದಲ್ಲಿ ಇನ್ಯಾವತ್ತೂ ಆಗಿರಲಿಲ್ಲ. ಫೇಲಾದರೆ ಆಗಲಿ, ಇನ್ನೊಮ್ಮೆ ಕಟ್ಟುತ್ತೇನೆ ಎಂದುಕೊಂಡೆ.

ಎಲ್ಲ ಶುಚಿ ಮಾಡಿ ಮುಗಿಸಿದ ಮೇಲೆ ಎಕ್ಸಾಮಿನರ್ ಎದ್ದು ಬಂದರು. ನನ್ನ ಕಡೆ ನೋಡಲಿಲ್ಲ. ಸೀದಾ ಮಂಚದ ಹತ್ತಿರ ಹೋಗಿ ಕನ್ನಡಕ ಸರಿಮಾಡಿಕೊಂಡರು.

"ನೋಡಮ್ಮಾ, ಹೆದರ್ಕೋಬೇಡ. ಇವರು ನಿನ್ನ ಜೊತೆ ನಡ್ಕೊಂಡ ರೀತಿ ಬಗ್ಗೆ ಕಂಪ್ಲೇಂಟ್ ಏನಾದ್ರೂ ಇದ್ಯಾ? ಇದ್ದದ್ದು ಇದ್ದ ಹಾಗೆ ಹೇಳು."

"ಐತ್ರೀ" ಎಂದಳು ಹುಡುಗಿ.

ಸಿಸ್ಟರು ಗೋಡೆ ಹಿಡಿದುಕೊಂಡಳು. ಎಕ್ಸಾಮಿನರ್ ಪೆನ್ನಿನ ಮುಚ್ಚಳ ತೆಗೆದರು.

"ಏನದು?"

"ಇಷ್ಟ ಚಲೋ ಬೈಯಾಕ ಬರತೈತಿ, ಮತ್ತ ಮೊದಲ ಅರ್ಧ ತಾಸು ಯಾಕ ಬೈಲಿಲ್ಲ, ಕೇಳ್ರಿ ಅವರಿಗೆ!"

ಮೇಡಂ ಅವರ ಮುಖದಲ್ಲಿ ಮೊದಲು ತುಟಿ ಅಲುಗಿತು, ಆಮೇಲೆ ಕನ್ನಡಕ, ಆಮೇಲೆ ಭುಜಗಳು. ನಗು ತಡೆಯಲಾರದೆ ಮಂಚದ ಕಂಬಿ ಹಿಡಿದುಕೊಂಡರು. ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ, ನಾನು ಎಂದೂ ಮರೆಯದ ತೀರ್ಪು ಕೊಟ್ಟರು.

"ಪಾಸ್. ಆ ಅರ್ಧ ಗಂಟೆಗೆ ಮಾತ್ರ ಮಾರ್ಕ್ಸ್ ಕಟ್."